ಇಪ್ಪತ್ತಮೂರು ಸಾವಿರದ ನಿರಾಸೆ

ಮನೆಗೆ ಹೊಸ ವಸ್ತು ಬಂದಾಗ ಪೆಟ್ಟಿಗೆ ಬಿಚ್ಚುವ ಸಂಭ್ರಮ ಎಲ್ಲರಿಗೂ ಗೊತ್ತು. ಆದರೆ ಬಿಚ್ಚಿ, ಬಳಸಿ ನೋಡಿದ ಮೇಲೆ ‘ಅಯ್ಯೋ, ಇಷ್ಟೇನಾ?’ ಎಂದು ಮನಸ್ಸು ಕುಸಿಯುವ ಆ ಗಳಿಗೆಯ ಬಗ್ಗೆ ನಾವು ಯಾರೂ ಬಾಯಿ ಬಿಡುವುದಿಲ್ಲ. ಸೀರೆಯಾದರೆ ಬೀರುವಿನ ತಳಕ್ಕೆ ಹೋಗುತ್ತದೆ. ಮಿಕ್ಸಿಯಾದರೆ ಅಟ್ಟ ಸೇರುತ್ತದೆ. ಯಾರಾದರೂ ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತೇವೆ. ನಾನೂ ಎರಡು ತಿಂಗಳು ಹಾಗೆಯೇ ಹೇಳಿಕೊಂಡು ತಿರುಗಿದೆ. ಆ ಎರಡು ತಿಂಗಳ ಕಥೆಯನ್ನು ಸಹೋದರಿಯರ ಮುಂದೆ ಇಡುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಮನೆಯಲ್ಲೇ ಹೊಲಿಗೆ. ಬ್ಲೌಸು, ಚೂಡಿದಾರ, ಬುರ್ಖಾ, ಸೀರೆಗೆ ಫಾಲ್ಸ್. ನಮ್ಮ ಬೀದಿಯ ಹನ್ನೆರಡು ಮಂದಿ ಹೆಂಗಸರು ಸೇರಿ ಒಂದು ಚೀಟಿ ನಡೆಸುತ್ತೇವೆ. ಕೂಗುವ ಚೀಟಿಯಲ್ಲ, ಸರದಿಯ ಚೀಟಿ. ತಿಂಗಳಿಗೆ ತಲಾ 2,000 ರೂಪಾಯಿ, ಸರದಿ ಬಂದವರಿಗೆ ಇಡೀ 24,000. ಹಿಂದಿನ ವರ್ಷಗಳಲ್ಲಿ ನನ್ನ ಸರದಿಯ ಹಣ ಒಮ್ಮೆ ಗ್ರೈಂಡರ್ ಆಯಿತು, ಒಮ್ಮೆ ಮಗಳ ಕಾಲೇಜು ಫೀಸ್ ಆಯಿತು, ಇನ್ನೊಮ್ಮೆ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೋಯಿತು. ಯಾವುದಕ್ಕೂ ನನಗೆ ಬೇಸರವಿಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ಹಣ ಕೈಗೆ ಬಂದಾಗ ಮನೆಯವರೇ ಹೇಳಿದರು, “ಈ ಸಲ ನಿನಗೇ ಅಂತ ಏನಾದರೂ ತಗೋ.”

ನನಗೆ ಬೇಕಾದದ್ದು ಬಂಗಾರವಲ್ಲ, ಬಟ್ಟೆಯಲ್ಲ. ನಿಶ್ಶಬ್ದ. ದಿನಕ್ಕೆ ಏಳೆಂಟು ಗಂಟೆ ಮಷಿನ್ನಿನ ಮುಂದೆ ಕೂರುವವಳು ನಾನು. ಮೋಟಾರಿನ ಸದ್ದು, ಬೀದಿಯ ಸದ್ದು, ಪಕ್ಕದಲ್ಲಿ ಮನೆ ಕಟ್ಟುವವರ ಸದ್ದು. ಹೊಲಿಯುವಾಗ ಫೋನಿನಲ್ಲಿ ಒಂದು ಕಥೆಯೋ ಭಾಷಣವೋ ತಿಲಾವತ್ತೋ ಹಾಕಿಕೊಂಡರೆ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ. ವಾಲ್ಯೂಮ್ ಏರಿಸಿ ಏರಿಸಿ ರಾತ್ರಿ ತಲೆ ಸಿಡಿಯುತ್ತಿತ್ತು. ಸುತ್ತಲಿನ ಸದ್ದನ್ನು ಅಳಿಸಿಬಿಡುವ ಹೆಡ್‌ಫೋನ್ ಇದೆಯಂತೆ ಎಂದು ಮಗಳು ವೀಡಿಯೊ ತೋರಿಸಿದಳು. ಅದರಲ್ಲೊಬ್ಬ ಹುಡುಗ ಅದನ್ನು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ, “ಜಗತ್ತೇ ನಿಂತುಹೋಯಿತು” ಎಂಬಂತೆ ಮುಖ ಮಾಡಿದ. ನಾನು ಆ ಮುಖಕ್ಕೆ ಮರುಳಾದೆ. ಹಬ್ಬದ ಸೇಲಿನಲ್ಲಿ 22,990 ರೂಪಾಯಿ. ಕಂತಿನಲ್ಲಿ ತೆಗೆದುಕೊಳ್ಳೋಣವೆಂದಳು ಮಗಳು. ಬೇಡವೆಂದೆ, ಪೂರ್ತಿ ಹಣ ಕೊಟ್ಟೆ.

ಪೆಟ್ಟಿಗೆ ಬಂದದ್ದು ಝುಹರ್ ನಮಾಝಿನ ಹೊತ್ತಿಗೆ. ನಮಾಝ್ ಮುಗಿಸಿ, ಕೈ ಒರೆಸಿಕೊಂಡು, ಚಾಪೆಯ ಮೇಲೆ ಕೂತು ಬಿಚ್ಚಿದೆ. ತಲೆಗೆ ಹಾಕಿಕೊಂಡು ಗುಂಡಿ ಒತ್ತಿದ ಕೂಡಲೇ ಫ್ಯಾನಿನ ಸದ್ದು ಮಾಯವಾಯಿತು. ನಿಜಕ್ಕೂ ಮಾಯ. ನನಗೆ ಕಣ್ಣಲ್ಲಿ ನೀರು ಬಂತು. ಎದ್ದು ಹೋಗಿ ಮಷಿನ್ ಶುರು ಮಾಡಿದೆ.

ಟಕ ಟಕ ಟಕ ಟಕ.

ಮೋಟಾರಿನ ಗುಂಯ್‌ಗುಡುವಿಕೆ ಇಲ್ಲ. ಆದರೆ ಸೂಜಿಯ ಟಕಟಕ ಮೊದಲಿಗಿಂತಲೂ ಸ್ಪಷ್ಟ! ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು, ಅದೂ ಕೇಳಿಸಿತು. ಹೊರಗೆ ತರಕಾರಿಯವನು ಕೂಗಿದ, ಅದೂ ಕೇಳಿಸಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ಸಂಜೆ ಮನೆಯವರು ಬಂದು “ಹೇಗಿದೆ?” ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು, “ತುಂಬಾ ಚೆನ್ನಾಗಿದೆ.”

ಏಕೆ ಹಾಗೆ ಹೇಳಿದೆ? ಹಣ ಅವರದಾಗಿದ್ದರೆ ಬಹುಶಃ ಜಗಳವಾಡುತ್ತಿದ್ದೆ. ಇದು ನನ್ನ ಹಣ, ನನ್ನ ಆಯ್ಕೆ, ನನ್ನ ಆಸೆ. ಹೆಂಗಸೊಬ್ಬಳು ಜೀವನದಲ್ಲಿ ಮೊದಲ ಬಾರಿ ತನಗಾಗಿ ದೊಡ್ಡ ಮೊತ್ತ ಖರ್ಚು ಮಾಡಿ ಅದು ಸರಿಹೋಗಲಿಲ್ಲವೆಂದರೆ ಇಡೀ ಓಣಿಗೆ ಒಂದು ಉದಾಹರಣೆ ಸಿಕ್ಕಂತೆ. ‘ಬಂಗಾರ ತಗೋ ಅಂದೆವು, ಕೇಳಲಿಲ್ಲ’ ಎನ್ನುವವರು ಬಾಗಿಲಲ್ಲೇ ನಿಂತಿರುತ್ತಾರೆ. ಆ ಮಾತಿಗೆ ಹೆದರಿ ಸುಳ್ಳು ಹೇಳಿದೆ. ಒಮ್ಮೆ ಹೇಳಿದ ಮೇಲೆ ನಿಲ್ಲಿಸುವುದು ಕಷ್ಟ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ತೋರಿಸಿದೆ, ಹೊಗಳಿದೆ.

ಸದ್ದು ಏಕೆ ಹೋಗಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಬಹಳ ದಿನ ಬೇಕಾಯಿತು. ಕೊಳ್ಳುವ ಮೊದಲೇ ಹುಡುಕಿದ್ದರೆ ಒಳ್ಳೆಯದಿತ್ತು. ಸದ್ದು ಅಳಿಸುವ ಹೆಡ್‌ಫೋನಿನ ಹೊರಗೂ ಒಳಗೂ ಸಣ್ಣ ಮೈಕ್‌ಗಳಿರುತ್ತವೆ. ಅವು ಸುತ್ತಲಿನ ಸದ್ದನ್ನು ಗ್ರಹಿಸುತ್ತವೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ತಲೆಕೆಳಗಾದ ಇನ್ನೊಂದು ಅಲೆಯನ್ನು ಹೊರಡಿಸುತ್ತದೆ. ಏರು ಇದ್ದಲ್ಲಿ ಇಳಿತ, ಇಳಿತ ಇದ್ದಲ್ಲಿ ಏರು. ಎರಡೂ ಸೇರಿ ಸೊನ್ನೆ. ಫ್ಯಾನ್, ಎ.ಸಿ., ಬಸ್ಸಿನ ಇಂಜಿನ್, ವಿಮಾನ ಮುಂತಾದವುಗಳ ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಈ ಉಪಾಯ ಅದ್ಭುತವಾಗಿ ನಡೆಯುತ್ತದೆ. ಹಠಾತ್ತಾಗಿ ಬಂದು ಹೋಗುವ, ತೆಳ್ಳಗಿನ, ಚೂಪಾದ ಸದ್ದಿಗೆ ನಡೆಯುವುದಿಲ್ಲ. ಅದರ ಅಲೆ ತೀರಾ ಚಿಕ್ಕದು, ತೀರಾ ವೇಗದ್ದು. ಸರಿಯಾಗಿ ಎದುರಲೆ ಹೊಂದಿಸುವಷ್ಟರಲ್ಲಿ ಸದ್ದು ಕಿವಿ ಸೇರಿರುತ್ತದೆ. ಅಂತಹ ಸದ್ದನ್ನು ತಡೆಯುವುದು ಕಿವಿಗೆ ಒತ್ತಿ ಕೂರುವ ಮೆತ್ತೆ ಮಾತ್ರ. ಸೂಜಿಯ ಟಕಟಕ, ಕುಕ್ಕರಿನ ಸೀಟಿ, ಮಗುವಿನ ಅಳು, ಹೆಂಗಸರ ಮಾತು ಎಲ್ಲವೂ ಈ ಎರಡನೆಯ ಜಾತಿಗೆ ಸೇರಿದವು.

ಇದು ಹುಟ್ಟಿದ ಕಥೆ ಗೊತ್ತಾದಾಗ ನನಗೆ ನಗು ಬಂತು. ಎದುರಲೆಯಿಂದ ಸದ್ದಡಗಿಸುವ ಕಲ್ಪನೆಗೆ ಪಾಲ್ ಲೂಗ್ ಎಂಬ ಜರ್ಮನ್ ವಿಜ್ಞಾನಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅದನ್ನು ಕಿವಿಯ ಮೇಲೆ ಕೂರಿಸುವ ಯೋಚನೆಯನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಮುಖ್ಯರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. 1978ರಲ್ಲಿ ಅವರು ಝೂರಿಚ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದಾಗ, ಇಂಜಿನ್ನಿನ ಸದ್ದಿನಲ್ಲಿ ಹೆಡ್‌ಫೋನ್ ಏನೂ ಕೇಳಿಸದೆ, ಕುಳಿತಲ್ಲೇ ಲೆಕ್ಕ ಹಾಕಲು ಆರಂಭಿಸಿದರಂತೆ. 1989ರಲ್ಲಿ ಅವರ ಕಂಪೆನಿ ವಿಮಾನ ಚಾಲಕರಿಗಾಗಿ ಅಂತಹ ಹೆಡ್‌ಸೆಟ್ ಮಾರುಕಟ್ಟೆಗೆ ತಂದಿತು. ಸಾಮಾನ್ಯರ ಕೈಗೆ ಬಂದದ್ದು 2000ದಲ್ಲಿ. ಅಂದರೆ ವಿಮಾನದಲ್ಲಿ ಕೂತವರಿಗಾಗಿ, ವಿಮಾನದ ಸದ್ದಿಗಾಗಿ ಹುಟ್ಟಿದ ವಸ್ತು ಇದು. ನಾನು ಅದನ್ನು ಹೊಲಿಗೆ ಮಷಿನ್ನಿನ ಮುಂದೆ ತಂದು ಕೂರಿಸಿದ್ದೆ.

ತಲೆವಸ್ತ್ರದ ಲೆಕ್ಕ ಯಾರೂ ಹೇಳುವುದಿಲ್ಲ

ಇನ್ನೊಂದು ಸಂಗತಿ ನಮ್ಮಂಥವರಿಗೇ ಸಂಬಂಧಪಟ್ಟದ್ದು. ಮನೆಯಲ್ಲಿ ಒಬ್ಬಳೇ ಇರುವಾಗ ತಲೆ ತೆರೆದು ಕೂತು ಹೊಲಿಯುತ್ತೇನೆ. ಮಾವ ಮನೆಯಲ್ಲಿದ್ದರೆ, ಬಾಗಿಲಿಗೆ ಗಿರಾಕಿಗಳು ಬಂದರೆ ದುಪಟ್ಟಾ ತಲೆಯ ಮೇಲೆ ಬರುತ್ತದೆ. ಅದರ ಮೇಲೆ ಹೆಡ್‌ಫೋನ್. ಹಾಗೆ ಹಾಕಿಕೊಂಡಾಗಲೆಲ್ಲ ಧ್ವನಿ ತಗಡಿನ ಡಬ್ಬಿಯಿಂದ ಬಂದಂತೆ ತೆಳ್ಳಗಾಗುತ್ತಿತ್ತು, ಫ್ಯಾನಿನ ಸದ್ದು ಕೂಡ ಮರಳಿ ಬರುತ್ತಿತ್ತು. ನನ್ನ ಕಿವಿಯದ್ದೇ ದೋಷವೆಂದುಕೊಂಡಿದ್ದೆ.

ವಿಷಯ ಸರಳ. ಮೆತ್ತೆ ಕಿವಿಯ ಸುತ್ತ ಚರ್ಮಕ್ಕೆ ಗಾಳಿ ಆಡದಂತೆ ಅಂಟಿ ಕೂತರೆ ಮಾತ್ರ ದಪ್ಪ ಸ್ವರಗಳು ಒಳಗೆ ಉಳಿಯುತ್ತವೆ. ನಡುವೆ ಬಟ್ಟೆಯ ಮಡಿಕೆ ಬಂದರೆ ಸಂದು ಬೀಳುತ್ತದೆ. ಆ ಸಂದಿನಿಂದ ಒಳಗಿನ ಧ್ವನಿ ಸೋರುತ್ತದೆ, ಹೊರಗಿನ ಸದ್ದು ನುಸುಳುತ್ತದೆ. ಕನ್ನಡಕದ ಕಡ್ಡಿಯೂ ಇದೇ ಕೆಲಸ ಮಾಡುತ್ತದೆ. ನನಗೆ ಅದೂ ಇದೆ. ಕಿವಿಯ ಮೇಲಿನ ಬಟ್ಟಲನ್ನು ಬೆರಳಿನಿಂದ ಮುಟ್ಟಿ ನಡೆಸುವ ಮಾದರಿಗಳಲ್ಲಿ ಸೆರಗು ತಾಗಿದರೂ ಮಾತು ನಿಂತುಹೋಗುತ್ತದೆ, ಇಲ್ಲವೇ ಯಾರಿಗೋ ಕರೆ ಹೋಗುತ್ತದೆ. ನನ್ನ ಬ್ಲೌಸಿನ ಗಿರಾಕಿಯೊಬ್ಬರಿಗೆ ಹೀಗೆ ಎರಡು ಸಲ ಕರೆ ಹೋಗಿ, ಅವರು ಬ್ಲೌಸ್ ತಯಾರಾಯಿತೆಂದು ಆಟೋ ಹಿಡಿದು ಬಂದುಬಿಟ್ಟಿದ್ದರು!

ಹೊರಗೆ ಕೆಲಸಕ್ಕೆ ಹೋಗುವ, ತಲೆವಸ್ತ್ರ ಧರಿಸುವ ಹುಡುಗಿಯರಿಗೆ ಕಿವಿಯೊಳಗೆ ಕೂರುವ ಚಿಕ್ಕ ಇಯರ್‌ಫೋನೇ ಮೇಲು. ಅದು ಬಟ್ಟೆಯ ಒಳಗೆ ಕೂರುವುದರಿಂದ ಸಂದು ಬೀಳುವುದಿಲ್ಲ. ಮುಟ್ಟಿ ನಡೆಸುವ ಸೌಲಭ್ಯವಿದ್ದರೆ ಅದನ್ನು ಆ್ಯಪ್‌ನಲ್ಲಿ ನಿಲ್ಲಿಸಿಕೊಂಡರಾಯಿತು. ಕರೆಯಲ್ಲಿ ನಮ್ಮ ಮಾತು ಬಟ್ಟೆಯ ಅಡಿ ಸ್ವಲ್ಪ ಮಂಕಾಗುತ್ತದೆ. ವಯರಿನಲ್ಲಿ ಮೈಕ್ ಇರುವ ಇಯರ್‌ಫೋನಾದರೆ ಮೈಕನ್ನು ಬಟ್ಟೆಯಿಂದ ಹೊರಗೆ ತೂಗಬಿಡಬಹುದು. ಇಷ್ಟು ಮಾತನ್ನು ನಾನು ನೋಡಿದ ಒಂದು ವೀಡಿಯೊದಲ್ಲೂ ಯಾರೂ ಹೇಳಲಿಲ್ಲ. ಹೇಳುವವರ ತಲೆಯ ಮೇಲೆ ಬಟ್ಟೆ ಇರಲಿಲ್ಲ, ಅವರಿಗೆ ಹೊಳೆಯಲಿಲ್ಲ.

ಬೆಲೆ ಹೆಚ್ಚಾದರೆ ಧ್ವನಿ ಹೆಚ್ಚು ಚೆನ್ನವೇ?

ನಾವು ಹಾಗೆಂದೇ ನಂಬುತ್ತೇವೆ. 2,000ದ ಇಯರ್‌ಫೋನಿಗಿಂತ 20,000ದ್ದು ಹತ್ತು ಪಟ್ಟು ಅಲ್ಲದಿದ್ದರೂ ನಾಲ್ಕು ಪಟ್ಟಾದರೂ ಚೆನ್ನಾಗಿರಬೇಕಲ್ಲ? 2017ರಲ್ಲಿ ಜೆರೊಯೆನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿದರು. ದಪ್ಪ, ನಡು, ತೆಳು ಸ್ವರಗಳನ್ನು ಎಷ್ಟೆಷ್ಟು ಪ್ರಮಾಣದಲ್ಲಿ ಹೊರಡಿಸುತ್ತವೆ ಎಂಬುದಕ್ಕೂ ಬೆಲೆಗೂ ಅವರಿಗೆ ಸಂಬಂಧವೇ ಕಾಣಲಿಲ್ಲ. ಹಾಗೆಂದು ದುಬಾರಿಯದ್ದೆಲ್ಲ ಮೋಸವೆಂದಲ್ಲ. ಸದ್ದಡಗಿಸುವ ತಂತ್ರ, ಮೆತ್ತೆ, ಬ್ಯಾಟರಿ, ಬಾಳಿಕೆ, ಹೆಸರು ಎಲ್ಲಕ್ಕೂ ನಾವು ಹಣ ಕೊಡುತ್ತೇವೆ. ನಮಗೆ ಬೇಕಾದದ್ದು ಅದರಲ್ಲಿ ಯಾವುದು ಎಂದು ಮೊದಲೇ ಕೇಳಿಕೊಳ್ಳಬೇಕಿತ್ತು. ಮಾತು ಸ್ಪಷ್ಟವಾಗಿ ಕೇಳಬೇಕೆಂಬ ನನ್ನಂಥವಳಿಗೆ ಅಷ್ಟೆಲ್ಲ ಬೇಕಿರಲಿಲ್ಲ.

ಮಗಳು ತನ್ನ ಆನ್‌ಲೈನ್ ಕ್ಲಾಸಿಗೆ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡಾಗ ಇನ್ನೊಂದು ತಮಾಷೆ ಕಂಡಿತು. ಪಾಠ ಕೇಳುವಾಗ ಚೆನ್ನಾಗಿದ್ದ ಧ್ವನಿ, ಇವಳು ಪ್ರಶ್ನೆ ಕೇಳಲು ಮೈಕ್ ತೆರೆದ ಕೂಡಲೇ ಹಳೇ ಟೆಲಿಫೋನಿನಂತಾಯಿತು. ಕೆಟ್ಟಿತೆಂದೇ ಹೆದರಿದೆವು. ಬ್ಲೂಟೂತ್‌ನ ಹಳೆಯ ಮಿತಿ ಅದು. ಕೇಳುವುದು ಮತ್ತು ಮಾತಾಡುವುದು ಎರಡೂ ಒಟ್ಟಿಗೆ ನಡೆಯುವಾಗ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿಯ ಗುಣಮಟ್ಟ ಇಳಿಯುತ್ತದೆ. ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿಕೊಂಡರೆ ಸರಿಹೋಗುತ್ತದೆ. ನಮ್ಮದು ಸರಿಹೋಯಿತು.

ನಾದಿನಿ ಬಂದ ದಿನ

ಡಿಸೆಂಬರಿನಲ್ಲಿ ಮನೆಯಲ್ಲೊಂದು ಮದುವೆ. ಬೆಂಗಳೂರಿನಿಂದ ನಾದಿನಿ ಬಂದಿದ್ದಳು. ಕಚೇರಿಯಲ್ಲಿ ಇಡೀ ದಿನ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸ ಅವಳದು. ಮೂರು ವರ್ಷದ ಮಗು, ಬಾಡಿಗೆ ಮನೆ, ಸಂಬಳದಲ್ಲಿ ತಿಂಗಳ ಕೊನೆಗೆ ಉಳಿಯುವುದು ಅಷ್ಟಕ್ಕಷ್ಟೆ. ಮೆಹಂದಿಯ ರಾತ್ರಿ ನನ್ನ ಪಕ್ಕದಲ್ಲಿ ಕೂತು ಹೇಳಿದಳು: “ಭಾಬಿ, ನೀವು ಅಷ್ಟು ಹೊಗಳಿದಿರಿ ಅಂತ ನಾನೂ ಅದನ್ನೇ ತಗೋತಿದ್ದೀನಿ. ಬಳೆ ಮಾಡಿಸೋಕೆ ಇಟ್ಟ ದುಡ್ಡಿತ್ತು. ನಾಳೆ ಆರ್ಡರ್ ಮಾಡ್ತೀನಿ.”

ನನ್ನ ಕೈಯಲ್ಲಿದ್ದ ಮೆಹಂದಿ ಕೋನ್ ಅಲ್ಲೇ ನಿಂತಿತು.

ನನ್ನ ಸುಳ್ಳಿಗೆ ನಾನು ಬೆಲೆ ತೆತ್ತಾಗಿತ್ತು. ಈಗ ಅವಳು ತೆರಲು ಹೊರಟಿದ್ದಳು. ತಲೆವಸ್ತ್ರ ಧರಿಸಿ ಕಚೇರಿಗೆ ಹೋಗುವವಳು, ಸುತ್ತ ನಲವತ್ತು ಜನ ಮಾತಾಡುವ ಜಾಗದಲ್ಲಿ ಕೂರುವವಳು. ಆ ಹೆಡ್‌ಫೋನ್ ಅವಳಿಗೆ ನನಗಿಂತಲೂ ಕಡಿಮೆ ಉಪಯೋಗಕ್ಕೆ ಬರುತ್ತಿತ್ತು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವಳೂ ತಂದು, ನನ್ನಂತೆಯೇ ‘ಚೆನ್ನಾಗಿದೆ’ ಎಂದು ಹೇಳಿಕೊಂಡು ಇರುತ್ತಿದ್ದಳೇನೋ. ಒಂದೆರಡು ನಿಮಿಷ ಹಾಗೆ ಯೋಚಿಸಿದ್ದೂ ನಿಜ. ಆಮೇಲೆ ಅವಳ ಬರಿಗೈ ನೋಡಿದೆ. “ಬೇಡ. ತಗೋಬೇಡ. ನಾನು ಹೇಳಿದ್ದು ಸುಳ್ಳು” ಎಂದೆ.

ಅವಳು ಮೊದಲು ನಕ್ಕಳು. ನಿಜವೆಂದು ಗೊತ್ತಾದಾಗ ಸಿಟ್ಟು ಬಂತು. “ಎರಡು ತಿಂಗಳಿಂದ ಫೋನ್ ಮಾಡಿದಾಗಲೆಲ್ಲ ಹೊಗಳಿದಿರಲ್ಲ ಭಾಬಿ, ನನ್ನ ಹತ್ತಿರ ಕೂಡ ಹೇಳೋಕಾಗಲಿಲ್ವಾ?” ಎಂದು ಎದ್ದು ಹೋದಳು. ಮದುವೆ ಮುಗಿಯುವವರೆಗೆ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆ ಎರಡು ದಿನ ಹೆಡ್‌ಫೋನಿನ ನಿರಾಸೆ ನನಗೆ ಎಷ್ಟು ಚಿಕ್ಕದಾಗಿ ಕಂಡಿತೆಂದು ಹೇಳಲಾರೆ.

ಹೀಗೆ ಮಾಡುವವಳು ನಾನೊಬ್ಬಳೇ ಅಲ್ಲವೆಂದು ಆಮೇಲೆ ತಿಳಿಯಿತು. 1956ರಲ್ಲಿ ಜ್ಯಾಕ್ ಬ್ರೆಹ್ಮ್ ಎಂಬ ಮನಃಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗವಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರ ಮುಂದೆ ಟೋಸ್ಟರ್, ರೇಡಿಯೊದಂತಹ ಎಂಟು ಗೃಹೋಪಯೋಗಿ ವಸ್ತುಗಳನ್ನಿಟ್ಟು ಅಂಕ ಹಾಕಲು ಹೇಳಿದರು. ಬಳಿಕ ಎರಡರಲ್ಲಿ ಒಂದನ್ನು ಉಡುಗೊರೆಯಾಗಿ ಆರಿಸಿಕೊಳ್ಳಲು ಬಿಟ್ಟರು. ಆರಿಸಿದ ಮೇಲೆ ಮತ್ತೆ ಅಂಕ ಹಾಕಿಸಿದರೆ, ತಾವು ಆರಿಸಿದ್ದಕ್ಕೆ ಹೆಚ್ಚು, ಬಿಟ್ಟದ್ದಕ್ಕೆ ಕಡಿಮೆ! ವಸ್ತುಗಳು ಬದಲಾಗಿರಲಿಲ್ಲ. ‘ತಪ್ಪು ಆರಿಸಿದೆನೇ?’ ಎಂಬ ಕಿರಿಕಿರಿಯನ್ನು ಮನಸ್ಸು ಹೊಗಳಿಕೆಯಿಂದ ಮುಚ್ಚಿಹಾಕುತ್ತದೆ. ಆಯ್ಕೆ ಕಷ್ಟದ್ದಾದಷ್ಟೂ ಮುಚ್ಚಿಹಾಕುವ ಚಪಲ ಹೆಚ್ಚು. ಆದ್ದರಿಂದ ‘ನಾನು ಕೊಂಡಿದ್ದೇನೆ, ಅದ್ಭುತವಾಗಿದೆ’ ಎನ್ನುವವರ ಮಾತನ್ನು ಸ್ವಲ್ಪ ಉಪ್ಪು ಹುಳಿ ತೆಗೆದೇ ಕೇಳಬೇಕು. ನನ್ನ ಮಾತನ್ನೂ ಸೇರಿಸಿ.

ದೋಷ ಬೇರೆ, ನಿರಾಸೆ ಬೇರೆ

ನಾದಿನಿ ಊರಿಗೆ ಹೊರಡುವ ದಿನ ಬೆಳಿಗ್ಗೆ ತಾನಾಗಿಯೇ ಬಂದಳು. “ಎಲ್ಲಿ ಕೊಡಿ, ನಾನು ನೋಡ್ತೀನಿ” ಎಂದು ಕಿವಿಗೆ ಹಾಕಿಕೊಂಡಳು. ಬಲಗಡೆಯಿಂದ ಸಣ್ಣಗೆ ‘ಕುಂಯ್’ ಎಂಬ ಸೀಟಿ ಬರುತ್ತಿದೆಯಲ್ಲ ಎಂದಳು. ನನಗೂ ಮೊದಲಿನಿಂದ ಕೇಳುತ್ತಿತ್ತು. ಅದು ಹಾಗೆಯೇ ಇರುವುದೆಂದು ಭಾವಿಸಿದ್ದೆ. “ಅಲ್ಲ ಭಾಬಿ, ಎಡಗಡೆ ಇಲ್ಲವಲ್ಲ. ಇದು ಕೆಟ್ಟಿರೋದು” ಎಂದಳು.

ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಮಾಡಿ ತಿಳಿಯಬೇಕು. ಸೂಜಿಯ ಸದ್ದು ಹೋಗದಿರುವುದು ದೋಷವಲ್ಲ, ನನ್ನ ನಿರೀಕ್ಷೆ ತಪ್ಪಿದ್ದು. ಬಲಗಡೆಯ ಸೀಟಿ ದೋಷ. ಮೊದಲನೆಯದಕ್ಕೆ ಅಂಗಡಿಯವರ ದಾಕ್ಷಿಣ್ಯ ಬೇಕು, ಎರಡನೆಯದಕ್ಕೆ ನಮ್ಮ ಹಕ್ಕಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳಲ್ಲಿ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೂ ಮಾರಾಟಗಾರ ಹಿಂದಕ್ಕೆ ಪಡೆಯಲೇಬೇಕು. ಆನ್‌ಲೈನ್ ಕಂಪೆನಿಯ ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ನಮ್ಮ ಫಿಕ್ಹ್ ಗ್ರಂಥಗಳಲ್ಲಿ ‘ಖಿಯಾರ್’ ಎಂಬ ಹೆಸರಿನಲ್ಲಿ ಈ ವಿಷಯಕ್ಕೆ ಅಧ್ಯಾಯಗಳೇ ಇವೆ. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಕಂಡರೆ ಹಿಂದಿರುಗಿಸುವ ಅಧಿಕಾರ ಕೊಂಡವನಿಗಿದೆ. ಕೊಳ್ಳುವಾಗಲೇ ‘ಇಂತಿಷ್ಟು ದಿನ ನೋಡಿ ಹೇಳುತ್ತೇನೆ’ ಎಂದು ಷರತ್ತು ಹಾಕಿಕೊಳ್ಳುವ ಅವಕಾಶವೂ ಉಂಟು. ಹನಫಿ, ಶಾಫಿಈ ವಿದ್ವಾಂಸರು ಅದಕ್ಕೆ ಮೂರು ದಿನಗಳ ಮಿತಿ ಹೇಳಿದ್ದಾರೆ. ಇಷ್ಟೆಲ್ಲ ಇದ್ದೂ, ವಸ್ತು ಹಿಂದಿರುಗಿಸುವುದು ನಾಚಿಕೆಗೇಡೆಂದು ನಮ್ಮ ಹೆಂಗಸರು ಏಕೆ ಭಾವಿಸುತ್ತಾರೋ ತಿಳಿಯದು.

ನನ್ನ ಪ್ರಕರಣದಲ್ಲಿ ಮಾರಾಟಗಾರರ ಏಳು ದಿನದ ಬದಲಾವಣೆ ಅವಧಿ ಎಂದೋ ಮುಗಿದಿತ್ತು. ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿದ್ದವರು ಪೆಟ್ಟಿಗೆ ನೋಡಿ, “ಏಳು ದಿನ ಆಗಿದೆ ಮೇಡಂ, ಏನೂ ಮಾಡೋಕಾಗಲ್ಲ” ಎಂದರು. ನಾನು ಮರಳಿ ಬರುವವಳೇ ಇದ್ದೆ. ಜೊತೆಗಿದ್ದ ಮಗಳು ಪೆಟ್ಟಿಗೆಯ ಒಳಗಿನ ಚೀಟಿ ತೆಗೆದು ತೋರಿಸಿದಳು: ತಯಾರಕರ ವಾರಂಟಿ ಒಂದು ವರ್ಷ. ಏಳು ದಿನ ಮಾರಿದವರ ಮಾತು, ಒಂದು ವರ್ಷ ತಯಾರಿಸಿದವರ ಮಾತು. ಎರಡೂ ಬೇರೆ. ಆದರೂ ಅವರು ಬೇರೆ ಬೇರೆ ಕಾರಣ ಹೇಳಿದರು. ಮನೆಗೆ ಬಂದು 1915ಕ್ಕೆ ಫೋನ್ ಮಾಡಿದೆವು. ಇದು ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ಬಿಲ್ಲಿನ ವಿವರ ಕೇಳಿ ಒಂದು ದೂರು ಸಂಖ್ಯೆ ಕೊಟ್ಟರು. ಐದನೇ ದಿನ ಕಂಪೆನಿಯವರೇ ಕರೆ ಮಾಡಿದರು. ಮೂರು ವಾರದಲ್ಲಿ ಬದಲಿ ಹೆಡ್‌ಫೋನ್ ಬಂತು.

ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸುವ ವ್ಯವಸ್ಥೆ ಬಂದಿದೆ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಇದೆಲ್ಲ ಸಾಧ್ಯವಾದದ್ದು ಬಿಲ್ ಮತ್ತು ಪೆಟ್ಟಿಗೆ ಇದ್ದುದರಿಂದ. ನಮ್ಮ ಮನೆಯಲ್ಲಿ ಪೆಟ್ಟಿಗೆಗಳು ಮೂರನೇ ದಿನಕ್ಕೆ ಗುಜರಿಗೆ ಹೋಗುತ್ತವೆ. ಇದು ನೂಲಿನ ಉಂಡೆ ಇಡಲು ಚೆನ್ನಾಗಿದೆಯೆಂದು ಉಳಿಸಿಕೊಂಡಿದ್ದೆ.

ಇನ್ನೊಂದು ಮಾತು. ‘ನೂರು ಗಂಟೆ ಬಳಸಿ, ಧ್ವನಿ ತಾನಾಗಿ ಸುಧಾರಿಸುತ್ತದೆ’ ಎಂದು ಮೊದಲ ವಾರದಲ್ಲೇ ಒಬ್ಬರು ನನಗೆ ಹೇಳಿದ್ದರು. ನಾನು ನಂಬಿ ಕಾದೆ. ಕಾಯುವಷ್ಟರಲ್ಲಿ ಏಳು ದಿನ ಕಳೆಯಿತು. ಬಳಸಿದಂತೆ ಹೆಡ್‌ಫೋನ್ ಬದಲಾಗುವುದು ಅತ್ಯಲ್ಪ. ಬದಲಾಗುವುದು, ಒಗ್ಗಿಕೊಳ್ಳುವುದು ನಮ್ಮ ಕಿವಿ. ಮೆತ್ತೆ ಮಾತ್ರ ಸ್ವಲ್ಪ ಮೆದುವಾದೀತು. ಮೊದಲ ಎರಡು ದಿನದಲ್ಲಿ ಸರಿಯೆನಿಸದ್ದು ಹತ್ತನೇ ದಿನ ಸರಿಯಾಗುತ್ತದೆಂದು ಕಾಯಬೇಡಿ. ವೀಡಿಯೊಗಳ ಬಗ್ಗೆಯೂ ಎಚ್ಚರವಿರಲಿ. ಹಣ ಅಥವಾ ಉಚಿತ ವಸ್ತು ಪಡೆದು ಹೊಗಳುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕೆಂದು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ನನ್ನನ್ನು ಮರುಳು ಮಾಡಿದ ಆ ಹುಡುಗನ ವೀಡಿಯೊದ ಕೆಳಗೆ ಸಣ್ಣಕ್ಷರದಲ್ಲಿ ಅದು ಬರೆದೇ ಇತ್ತು. ನಾನು ಕೆಳಗೆ ನೋಡಿರಲಿಲ್ಲ. ಇನ್ನು ‘ಬಡ್ಡಿಯಿಲ್ಲದ ಕಂತು’ ಎಂಬುದು. ಬ್ಯಾಂಕು ಅದರಲ್ಲಿ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ರಿಯಾಯಿತಿಯೆಂದು ಮೊದಲೇ ಕಳೆದು ತೋರಿಸುತ್ತಾರೆ. ಬಡ್ಡಿಯ ಮೇಲಿನ ಜಿ.ಎಸ್.ಟಿ. ನಮ್ಮ ತಲೆಗೇ ಬರುತ್ತದೆ. ಮಗಳ ಮಾತು ಕೇಳದಿದ್ದುದು ಅದೊಂದರಲ್ಲಿ ಒಳ್ಳೆಯದಾಯಿತು.

ಇಟ್ಟುಕೊಳ್ಳುವುದೋ, ಮಾರುವುದೋ?

ಬದಲಿ ಬಂದ ಮೇಲೂ ಸೂಜಿಯ ಟಕಟಕ ಕೇಳಿಸುತ್ತಲೇ ಇತ್ತು. ಸೀಟಿ ಹೋಗಿತ್ತು, ಅಷ್ಟೆ. ಹಳೇ ಫೋನು ಕೊಳ್ಳುವ ಅಂಗಡಿಯಲ್ಲಿ ಕೇಳಿದರೆ 9,000 ಎಂದರು. ಎದೆ ಧಸಕ್ಕೆಂದಿತು. ‘ಇಷ್ಟು ಕೊಟ್ಟಿದ್ದೇನೆ, ಹಾಗಾಗಿ ಬಳಸಲೇಬೇಕು’ ಎಂದು ನೋಯುವ ಕಿವಿಯಲ್ಲೇ ದಿನಕ್ಕೆ ಮೂರು ಗಂಟೆ ಹಾಕಿಕೊಂಡು ಕೂತ ದಿನಗಳೂ ಇವೆ.

ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಇಂತಹದೇ ವರ್ತನೆಯನ್ನು ತೋರಿಸಿಕೊಟ್ಟರು. ಅಮೆರಿಕದ ಓಹಿಯೊದಲ್ಲಿ ಇಡೀ ವರ್ಷದ ನಾಟಕಗಳ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಅಲ್ಲೇ ರಿಯಾಯಿತಿ ಕೊಟ್ಟರು. ಪೂರ್ತಿ ಬೆಲೆ ಕೊಟ್ಟವರು ವರ್ಷದ ಮೊದಲ ಅರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಒಂದೇ, ಟಿಕೆಟ್ ಒಂದೇ; ಕೊಟ್ಟ ಹಣ ಅವರನ್ನು ಎಳೆದುಕೊಂಡು ಹೋಯಿತು. ನನ್ನ ಅತ್ತೆ ಇದನ್ನು ಯಾವ ಪ್ರಯೋಗವೂ ಇಲ್ಲದೆ ಹೇಳಿದರು. ಒಂದು ದಿನ ನಾನು ಕಿವಿ ತಿಕ್ಕಿಕೊಳ್ಳುವುದನ್ನು ನೋಡಿ, “ಕಚ್ಚುವ ಚಪ್ಪಲಿ ಅಂತ ಗೊತ್ತಾದ ಮೇಲೆ, ದುಬಾರಿ ಅಂತ ಇನ್ನೆಷ್ಟು ದಿನ ನಡೀತೀಯಮ್ಮಾ?” ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತೆಂದು ಆಗ ಅರ್ಥವಾಯಿತು. ಮನೆಯವರಿಗೂ ಗೊತ್ತಿತ್ತಂತೆ. “ನೀನಾಗಿ ಹೇಳಲಿ ಅಂತ ಸುಮ್ಮನಿದ್ದೆ” ಎಂದರು.

ಆಮೇಲೆ ಕೊಟ್ಟ ಹಣವನ್ನು ಮರೆತು, ಈಗ ಯಾರಿಗೆ ಎಷ್ಟು ಉಪಯೋಗ ಎಂದಷ್ಟೇ ಲೆಕ್ಕ ಹಾಕಿದೆವು. ಮಗಳ ಕೋಣೆಯ ಪಕ್ಕದಲ್ಲೇ ಹೊಸ ಮನೆ ಕಟ್ಟುವ ಜನರೇಟರ್ ಇತ್ತು, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಈ ಹೆಡ್‌ಫೋನಿಗೆ ಹೇಳಿ ಮಾಡಿಸಿದ ಸದ್ದು. ಏನನ್ನೂ ಕೇಳದೆ, ಬರೀ ಸದ್ದಡಗಿಸುವ ಗುಂಡಿ ಒತ್ತಿ ಅವಳು ಇಡೀ ಸೆಮಿಸ್ಟರ್ ಓದಿದಳು. ಅವಳ ಕಿವಿಗೂ ಅದು ಒಳ್ಳೆಯದೇ. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿ 80 ಡೆಸಿಬೆಲ್ ದಾಟಬಾರದೆಂದು, ಮಕ್ಕಳಿಗೆ 75 ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಿತಿ ಹೇಳಿದೆ. ಸುತ್ತಲಿನ ಸದ್ದು ತಗ್ಗಿದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ.

ನನಗೆ? 700 ರೂಪಾಯಿಯ, ಕಿವಿಯೊಳಗೆ ರಬ್ಬರ್ ತುದಿ ಬಿಗಿಯಾಗಿ ಕೂರುವ ವಯರಿನ ಇಯರ್‌ಫೋನ್ ಸಾಕಾಯಿತು. ಅದರ ರಬ್ಬರೇ ಸೂಜಿಯ ಸದ್ದನ್ನು ಅರ್ಧಕ್ಕರ್ಧ ತಡೆಯುತ್ತದೆ. ಮಷಿನ್ನಿನ ಅಡಿ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದರಿಂದ ಮೇಜಿನ ಅದುರು ಕಡಿಮೆಯಾಯಿತು. ಬಾಗಿಲ ಬೆಲ್ ಕೇಳಬೇಕಲ್ಲ, ಅದಕ್ಕೆ ಒಂದೇ ಕಿವಿಗೆ ಹಾಕುತ್ತೇನೆ. ನಾದಿನಿಯೂ ಕಚೇರಿಗೆ ಅಂತಹದೇ ಒಂದನ್ನು ತೆಗೆದುಕೊಂಡಳು, ಅಂಗಡಿಯಲ್ಲಿ ತಲೆವಸ್ತ್ರದ ಒಳಗೆ ಹಾಕಿ, ನನಗೆ ಕರೆ ಮಾಡಿ, “ಭಾಬಿ, ನಿಜ ಹೇಳಿ, ನನ್ನ ಮಾತು ಸರಿಯಾಗಿ ಕೇಳ್ತಿದೆಯಾ?” ಎಂದು ಕೇಳಿದ ಮೇಲೆಯೇ ಹಣ ಕೊಟ್ಟಳು. ಬಳೆಯ ದುಡ್ಡು ಬಳೆಯಾಗಿದೆ. ಕಳೆದ ಸಲ ಬಂದಾಗ ತೋರಿಸಿದಳು.

ಈ ಸುತ್ತಿನ ಚೀಟಿಯಲ್ಲಿ ನನ್ನ ಸರದಿ ಇನ್ನೂ ಬಂದಿಲ್ಲ. ಓವರ್‌ಲಾಕ್ ಮಷಿನ್ ತೆಗೆದುಕೊಳ್ಳುವ ಆಸೆಯಿದೆ. ಅಂಗಡಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ: ನನ್ನದೇ ಬುರ್ಖಾ ಬಟ್ಟೆ, ನನ್ನದೇ ನೂಲು ತರುತ್ತೇನೆ, ಅಲ್ಲೇ ಕೂತು ಎರಡು ಅಂಚು ಹೊಲಿದು ನೋಡುತ್ತೇನೆ. ಅವರು ಸ್ವಲ್ಪ ಮುಖ ಸಿಂಡರಿಸಿದರು. ಆಮೇಲೆ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಬನ್ನಿ ಎಂದಿದ್ದಾರೆ.